ಪಡ್ರೆಯ ಹುಡುಗರ ರಕ್ತಪರೀಕ್ಷೆ

ನಮ್ಮ ಕಾಸರಗೋಡಿನ ಗೇರುತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಪಡ್ರೆಯ 117 ಶಾಲಾ ಹುಡುಗರನ್ನು ಸಿಂಪಡಣೆಯಿಲ್ಲದ ಊರಿನ 90 ಹುಡುಗರೊಂದಿಗೆ ಹೋಲಿಸಿ ನೋಡಿದರು. ಲೇಖನ 2003ರಲ್ಲಿ ಪ್ರಕಟವಾಯಿತು. ಪಡ್ರೆಯವರಲ್ಲಿ ಗಂಡುಹಾರ್ಮೋನು ಟೆಸ್ಟೋಸ್ಟಿರೋನ್ ವಯಸ್ಸಿಗೆ ತಕ್ಕಷ್ಟಿರಲಿಲ್ಲ. ಅದನ್ನು ತಯಾರಿಸೆಂದು ಪಿಟ್ಯುಟರಿ ಗ್ರಂಥಿ ಕಳಿಸುವ ಎಲ್‌ಎಚ್ ಮಾತ್ರ ಹೆಚ್ಚಿತ್ತು. ಆಜ್ಞೆ ಹೋಗುತ್ತಿತ್ತು, ಕೆಲಸ ಆಗುತ್ತಿರಲಿಲ್ಲ. ಪ್ರಾಯಕ್ಕೆ ಬರುವುದೂ ತಡವಾಗಿತ್ತು. (ಮೀಸೆ ಚಿಗುರದವನನ್ನು ಗೇಲಿ ಮಾಡುವವರು ಗಮನಿಸಿ!)

ಆ ಲೇಖನ ಹುಡುಗರ ಕುರಿತು ಮಾತ್ರ. ಹೆಣ್ಣುಮಕ್ಕಳ ಹಾರ್ಮೋನು ತಿಂಗಳಿಡೀ ಏರಿಳಿಯುತ್ತದೆ, ಅಳೆಯುವುದು ತೊಡಕು ಎಂಬ ನೆಪದಲ್ಲಿ ವಿಷಶಾಸ್ತ್ರದ ಪ್ರಯೋಗಗಳು ಬಹುಕಾಲ ಗಂಡಿನ ದೇಹವನ್ನೇ ಅಳತೆಗೋಲಾಗಿಸಿದ್ದವು. ಸುಪ್ರೀಂ ಕೋರ್ಟು 2011ರಲ್ಲಿ ಎಂಡೋಸಲ್ಫಾನನ್ನು ತಡೆಯಿತು. ಅದೇ ತೋಡಿನ ನೀರು ಕುಡಿದ ಹುಡುಗಿಯರು ಈಗ ನಮ್ಮ ಮಕ್ಕಳ ತಾಯಂದಿರು. ಅವರ ಪ್ರಶ್ನೆಗೆ ಹುಡುಗರ ಅಂಕಿಗಳಿಂದ ಉತ್ತರ ಸಿಗದು.