ಪರವಾನಗಿ

ಪಾರಸಿಯಲ್ಲಿ ‘ಪರ್ವಾನಾ’ ಎಂದರೆ ಆಜ್ಞಾಪತ್ರ. ಅದರಿಂದ ಬಂದ ಪರವಾನಗಿ ಕಂದಾಯ, ಕಚೇರಿ, ಬಂದೂಕು, ವಾಹನಗಳನ್ನು ದಾಟಿ ಈಗ ಕಂಪ್ಯೂಟರಿಗೂ ಬಂದಿದೆ. ಅನುಮತಿ ಬಾಯಿಮಾತಿನಲ್ಲೇ ಸಿಗಬಹುದು. ಪರವಾನಗಿಗೆ ಕಾಗದ ಬೇಕು, ಷರತ್ತು ಇರುತ್ತದೆ. ತಂತ್ರಾಂಶಕ್ಕೆ ಈ ಪದ ಒಪ್ಪುವುದು ಅದಕ್ಕೇ. ನಾವು ಕೊಳ್ಳುವುದು ವಿಂಡೋಸನ್ನಲ್ಲ, ಅದನ್ನು ಬಳಸುವ ಹಕ್ಕನ್ನು.

2001ರ ವಿಂಡೋಸ್ ಎಕ್ಸ್‌ಪಿ ಈ ಹಕ್ಕನ್ನು ಯಂತ್ರಕ್ಕೇ ಕಟ್ಟಿಹಾಕಿತು. 25 ಅಕ್ಷರಗಳ ಕೀಲಿಯ ಜೊತೆಗೆ ಯಂತ್ರದ ಬಿಡಿಭಾಗಗಳ ಗುರುತನ್ನೂ ಅದು ನೋಡುತ್ತಿತ್ತು. 30 ದಿನಗಳಲ್ಲಿ ಸಕ್ರಿಯಗೊಳಿಸದಿದ್ದರೆ ಒಳಗೆ ಬಿಡುತ್ತಿರಲಿಲ್ಲ. ಮದರ್‌ಬೋರ್ಡ್ ಬದಲಿಸಿದಾಗ ‘ಪರವಾನಗಿ ಸಿಂಧುವಲ್ಲ’ ಎನ್ನುವಂಥ ಸಂದೇಶ ಬಂದರೆ ಬಳಕೆದಾರ ಕಳ್ಳನೆಂದಲ್ಲ, ಯಂತ್ರದ ಗುರುತು ಬದಲಾಗಿದೆ ಎಂದಷ್ಟೆ.

ಹಳೆಯ ಯಂತ್ರದಲ್ಲಿ ಇಂಥ ಸಂದೇಶ ಬಂದರೆ ಮೊದಲು ದಿನಾಂಕ ನೋಡಬೇಕು. ಬೋರ್ಡಿನ ಪುಟ್ಟ ಬ್ಯಾಟರಿ ಸತ್ತು ಗಡಿಯಾರ ಹಿಂದಕ್ಕೆ ಹೋಗಿದ್ದರೆ ಸಕ್ರಿಯಗೊಳಿಸುವ ಸರ್ವರಿನೊಡನೆ ಸುರಕ್ಷಿತ ಸಂಪರ್ಕವೇ ಆಗದಿರಬಹುದು. ಆಮೇಲೆ ಕೀಲಿ: ಕಂಪ್ಯೂಟರಿನೊಡನೆ ಬಂದ ಕೀಲಿ, ಅಂಗಡಿಯಲ್ಲಿ ಬಿಡಿಯಾಗಿ ಕೊಂಡ ಡಿಸ್ಕಿಗೆ ಸಾಮಾನ್ಯವಾಗಿ ಒಗ್ಗದು. ವಿಂಡೋಸ್ 7ರಲ್ಲಾದರೆ ‘ಎಸ್‌ಎಲ್‌ಎಂಜಿಆರ್’ ಆದೇಶ ಪರವಾನಗಿಯ ಸ್ಥಿತಿ ತಿಳಿಸುತ್ತದೆ.

‘ಲೈಸೆನ್ಸ್’ ಎಲ್ಲರ ಬಾಯಲ್ಲಿದೆ, ನಿಜ. ಆದರೂ ತಂತ್ರಾಂಶದ ಕರಾರನ್ನು ಕನ್ನಡದಲ್ಲಿ ಬರೆಯುವವರು ‘ಅನುಮತಿ’ ಎಂದು ಸಡಿಲಿಸದೆ ಪರವಾನಗಿ ಎಂದೇ ಬರೆಯಬೇಕು.