ಕಂದಕದ ಕಾಲು, ಗದ್ದೆಯ ಕಾಲು

ನೆಟ್ಟಿ ಮುಗಿಯೋ ಹೊತ್ತಿಗೆ ನಮ್ಮೂರಲ್ಲಿ ಎಲ್ಲರ ಕಾಲೂ ಒಂದೇ ಥರ. ಬೆರಳ ಸಂದಿಯ ಚರ್ಮ ಬೆಂದ ಹಾಗೆ ಬೆಳ್ಳಗಾಗಿ, ಆಮೇಲೆ ಸೀಳಿ, ಉರಿ. ಕೆಸರುಹುಣ್ಣು ಅಂತೀವಿ. ಅಮ್ಮ ರಾತ್ರಿ ಮದರಂಗಿ ಸೊಪ್ಪು ಅರೆದು ಹಚ್ಚಿಕೊಳ್ಳೋಳು, ಬೆಳಿಗ್ಗೆ ಅದೇ ಕೆಂಪು ಕಾಲನ್ನ ಮತ್ತೆ ಗದ್ದೆಗೆ ಇಳಿಸೋಳು. ಇದೊಂದು ಕಾಯಿಲೆ ಅಂತ ನಮಗ್ಯಾರಿಗೂ ಅನ್ನಿಸಿರಲಿಲ್ಲ.

ಇದರದೊಂದು ದಾಯಾದಿ ರೋಗ ಮೊದಲನೇ ಮಹಾಯುದ್ಧದಲ್ಲಿ ಸೈನ್ಯಗಳನ್ನೇ ಕಂಗೆಡಿಸಿತ್ತು. 1914ರ ಚಳಿಗಾಲ, ಫ್ಲಾಂಡರ್ಸ್‌ನ ಜೌಗು ನೆಲ. ತೋಡಿದ ಕಂದಕಗಳಲ್ಲೆಲ್ಲ ನೀರು. ಬಿಗಿಯಾದ ಬೂಟು ಬಿಚ್ಚದೆ ದಿನಗಟ್ಟಲೆ ನಿಂತವರಲ್ಲಿ ಬ್ರಿಟಿಷರಷ್ಟೇ ಅಲ್ಲ, ಲಾಹೋರ್ ಮತ್ತು ಮೀರತ್ ಡಿವಿಷನ್ನುಗಳ ಭಾರತೀಯರೂ ಇದ್ದರು. ಕಾಲು ಜೋಮು ಹಿಡಿದು, ಊದಿ, ನೀಲಿಗಟ್ಟುತ್ತಿತ್ತು. ಕೆಲವರದ್ದು ಕೊಳೆತು ಕತ್ತರಿಸಬೇಕಾಯ್ತು.

ಮೊದಮೊದಲು ವೈದ್ಯರು ಇದನ್ನೂ ಹಿಮಕಡಿತದ ಲೆಕ್ಕಕ್ಕೇ ಸೇರಿಸಿದರು. ಆದರೆ ಇದಕ್ಕೆ ಹಿಮವೇ ಬೇಕಿಲ್ಲ. ಚಳಿ ನೀರಲ್ಲಿ ದೇಹ ತನ್ನ ಶಾಖ ಉಳಿಸಿಕೊಳ್ಳೋಕೆ ಪಾದದ ರಕ್ತನಾಳಗಳನ್ನು ಮುದುಡಿಸುತ್ತೆ. ರಕ್ತ ಸಿಗದ ಮಾಂಸ ಸಾಯುತ್ತೆ. ಹಾಗಂತ ಮರಗಟ್ಟಿದ ಕಾಲನ್ನ ನಮ್ಮ ಬಚ್ಚಲೊಲೆ ಮುಂದೆ ಚಾಚಿದ ಹಾಗೆ ಬೆಂಕಿಗೆ ಒಡ್ಡಬಾರದು. ಸುಟ್ಟರೂ ಗೊತ್ತಾಗಲ್ಲ. ಒರೆಸಿ, ಎತ್ತರಕ್ಕೆ ಇಟ್ಟು, ನಿಧಾನಕ್ಕೆ ಬೆಚ್ಚಗೆ ಮಾಡಬೇಕು.

ಸೈನ್ಯ ತಿಮಿಂಗಿಲದ ಎಣ್ಣೆ ತರಿಸಿ ಕಾಲಿಗೆ ತಿಕ್ಕಿಸಿತು. ನನ್ನ ಪ್ರಕಾರ ಎಣ್ಣೆಗಿಂತ ಕೆಲಸ ಮಾಡಿದ್ದು ನಿಯಮ. ದಿನಕ್ಕೆ ಎರಡು ಮೂರು ಸಲ ಕಾಲುಚೀಲ ಬದಲಿಸಬೇಕು. ಸೈನಿಕರು ಜೋಡಿಯಾಗಿ ಒಬ್ಬರ ಕಾಲು ಇನ್ನೊಬ್ಬರು ನೋಡಬೇಕು. ತುಕಡಿಯಲ್ಲಿ ರೋಗ ಹೆಚ್ಚಿದರೆ ಅಧಿಕಾರಿಯೇ ಉತ್ತರ ಹೇಳಬೇಕು. ಕಾಲು ಒಣಗಿಸೋದು ಅವನವನ ಹಣೆಬರಹ ಆಗಿ ಉಳಿಯಲಿಲ್ಲ.

ಮುಂದೆ ವಿಯೆಟ್ನಾಂ ಯುದ್ಧ. ಈ ಸಲ ಬೆಚ್ಚಗಿನ ನೀರು, ಭತ್ತದ ಗದ್ದೆ. ಅಮೆರಿಕನ್ನರು ಕರೆದಿದ್ದೂ ಹಾಗೇ: ಪ್ಯಾಡಿ ಫೂಟ್. ಮೆಕಾಂಗ್ ನದಿಯ ಮುಖಜಭೂಮಿಯಲ್ಲಿದ್ದ 9ನೇ ಇನ್‌ಫೆಂಟ್ರಿ ಡಿವಿಷನ್ನು, ಸುಮಾರು 48 ಗಂಟೆ ನೀರಲ್ಲಿ ಕಳೆದವರಿಗೆ ಕಾಲು ಒಣಗಿಸಿಕೊಳ್ಳೋಕೆ ಬಿಡುವು ಕೊಡಬೇಕು ಅಂತ ಮಾಡಿತು.

ಇದನ್ನ ಓದಿ ಮೊದಲು ಸಿಟ್ಟು ಬಂತು. ನಲವತ್ತೆಂಟು ಗಂಟೆ! ನಮ್ಮನೆ ನೆಟ್ಟಿ, ಆಮೇಲೆ ಮುಯ್ಯಾಳು ತೀರಿಸೋಕೆ ಅಕ್ಕಪಕ್ಕದವರ ಗದ್ದೆ ಅಂತ ಅಮ್ಮ ಮೂರು ವಾರ ಕೆಸರಲ್ಲೇ ಇರ್ತಾಳೆ. ಬಂದವರ ಮನೆಗೆ ಹೋಗದೇ ಇರೋಕಾಗುತ್ತಾ? ಅಲ್ಲಿ ಕಾಲು ನೋಡೋ ಅಧಿಕಾರಿ ಯಾರು?

ಬೆಂಗಳೂರಿಂದ ಗಮ್‌ಬೂಟು ಕಳಿಸಿದೆ. "ಕೆಸರಲ್ಲೇ ಹೂತ್ಕಂತದೆ ಮಾರಾಯ, ಇದು ಹಾಕ್ಕಂಡು ನೆಡೋದು ಹೆಂಗೆ?" ಅಂತ ಫೋನಲ್ಲಿ ನಕ್ಕಳು. ಮೇಲಿನ ಗದ್ದೆ ಇನ್ನೂ ಬಾಕಿ ಇದೆಯಂತೆ. ಈ ಶನಿವಾರ ಊರಿಗೆ ಹೊರಟಿದ್ದೀನಿ.