ಚುಕ್ಕಿ, ಕೊಕ್ಕೆ, ‘ಗಳು’

ಶರಾವತಿ ಹಿನ್ನೀರಿನ ನಮ್ಮ ತುಮರಿ ಸೀಮೆಯಲ್ಲಿ ಇಂಗ್ಲಿಷ್ ಓದಲು ಬಾರದವರೂ ದಿನಕ್ಕೆ ಹತ್ತಾರು ಇಂಗ್ಲಿಷ್ ಅಕ್ಷರ ಬಳಸುತ್ತಾರೆ. ಕೆಪಿಸಿ, ಕೆಇಬಿ, ಪಿಡಬ್ಲ್ಯುಡಿ, ಡಿಸಿ, ಎಸಿ, ಟಿಎಂಸಿ, ಆರ್‌ಟಿಸಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹೊಳೆ ಹಿನ್ನೀರಾಯ್ತಲ್ಲ, ಆ ನೀರಿನ ಜೊತೆಗೇ ಇಂಥ ಅಕ್ಷರಗಳೂ ಊರೊಳಗೆ ಏರಿಬಂದವು. ಇವುಗಳ ಪೂರ್ತಿ ಹೆಸರು ಹೇಳಿ ಅಂದರೆ ಹೆಚ್ಚಿನವರು ನಕ್ಕು ಸುಮ್ಮನಾಗುತ್ತಾರೆ. ಆದರೆ ಅವನ್ನು ಬಹುವಚನ ಮಾಡುವಾಗ ಒಬ್ಬರೂ ತಡವರಿಸಿದ್ದು ನಾನು ಕೇಳಿಲ್ಲ. ಎಂಎಲ್‌ಎಗಳು, ಆರ್‌ಟಿಸಿಗಳು, ಕೆಇಬಿಯವರು. ಅಷ್ಟೇ, ಮುಗೀತು.

ಇದೇ ಸಣ್ಣ ಕೆಲಸಕ್ಕೆ ಇಂಗ್ಲಿಷಿನವರು ತಲೆತಲಾಂತರದಿಂದ ಜಗಳ ಆಡುತ್ತಿದ್ದಾರೆ. ಎಂ.ಪಿ. ಅನ್ನೋದರ ಬಹುವಚನಕ್ಕೆ ಬರೀ ‘ಎಸ್’ ಸಾಕೋ, ನಡುವೆ ಅಪಾಸ್ಟ್ರಫಿ ಬೇಕೋ ಎಂಬುದೇ ಆ ಜಗಳ. ಆ ಗುರುತನ್ನು ಸಲೀಸಿಗೆ ‘ಕೊಕ್ಕೆ’ ಅನ್ನೋಣ. 16ನೇ ಶತಮಾನದಲ್ಲಿ ಯುರೋಪಿನ ಮುದ್ರಕರು ಅದನ್ನು ಬಳಕೆಗೆ ತಂದಾಗ ಅದರ ಕೆಲಸ ಒಂದೇ: ಇಲ್ಲೊಂದು ಅಕ್ಷರ ಬಿಟ್ಟಿದೆ ಅಂತ ತೋರಿಸೋದು. ಆಮೇಲೆ ಇಂಗ್ಲಿಷಿನಲ್ಲಿ ಅದಕ್ಕೆ ‘ಇಂಥವರ’ ಎಂಬ ಷಷ್ಠಿಯ ಕೆಲಸ ಸೇರಿಕೊಂಡಿತು. 17 ಮತ್ತು 18ನೇ ಶತಮಾನದಲ್ಲಿ ಸ್ವರದಲ್ಲಿ ಮುಗಿಯುವ ಪರದೇಶದ ಪದಗಳಿಗೆ, ಉದಾಹರಣೆಗೆ ಒಪೆರಾ, ಫೋಲಿಯೋ ಇಂಥವಕ್ಕೆ, ಬಹುವಚನದಲ್ಲೂ ಕೊಕ್ಕೆ ಹಾಕುತ್ತಿದ್ದರು. ಮುಂದೆ ವ್ಯಾಕರಣದವರು ಅದನ್ನು ತಪ್ಪು ಅಂದರು. ಹೆಸರುಪದಗಳಿಂದ ಕೊಕ್ಕೆ ಹೋದರೂ ಹ್ರಸ್ವರೂಪಗಳಲ್ಲಿ ಮಾತ್ರ ಉಳಿದುಕೊಂಡಿತು. ಅದಕ್ಕೂ ಕಾರಣ ಇತ್ತು. ಅಕ್ಷರಕ್ಕೊಂದು ಚುಕ್ಕಿ ಇಟ್ಟು ಎಂ.ಪಿ. ಅಂತ ಬರೆದ ಮೇಲೆ ಚುಕ್ಕಿಯ ಬೆನ್ನಿಗೇ ಎಸ್ ಹಾಕಿದರೆ ಅದೂ ಹೆಸರಿನದೇ ಅಕ್ಷರದ ಹಾಗೆ ಕಾಣುತ್ತದೆ. 20ನೇ ಶತಮಾನದಲ್ಲಿ ಚುಕ್ಕಿ ಬಿಡುವ ರೂಢಿ ಬಂದ ಹಾಗೆ ಕೊಕ್ಕೆಯೂ ಬಿತ್ತು. ಅಂದರೆ ಕೊಕ್ಕೆ ಇದ್ದದ್ದು ವ್ಯಾಕರಣಕ್ಕಲ್ಲ, ಕಣ್ಣಿಗೆ. ಹ್ರಸ್ವರೂಪದ ಮೈ ಎಲ್ಲಿ ಮುಗೀತು, ಪ್ರತ್ಯಯ ಎಲ್ಲಿ ಶುರುವಾಯ್ತು ಅಂತ ತೋರಿಸುವ ಬೇಲಿ ಅದು.

ಕನ್ನಡಕ್ಕೆ ಹ್ರಸ್ವರೂಪ ಇಂಗ್ಲಿಷಿನಿಂದಲೇ ಬಂತು ಅಂದುಕೊಳ್ಳಬೇಡಿ. ಹಳೆಯ ಶಾಸನಗಳಲ್ಲಿ ಗದ್ಯಾಣಕ್ಕೆ ಬರೀ ‘ಗ’ ಅಂತ ಕೆತ್ತಿ ಪಕ್ಕದಲ್ಲಿ ಅಂಕಿ ಹಾಕುತ್ತಿದ್ದರು, ಖಂಡುಗಕ್ಕೆ ‘ಖ’. ನಮ್ಮ ಸಾಗರ ತಾಲ್ಲೂಕಿನ ಶಾಸನಗಳು ಬಿ.ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟದಲ್ಲಿ ಇವೆ. ಆಸಕ್ತಿ ಇದ್ದವರು ತಿರುವಿ ನೋಡಬಹುದು. ಶಾಸನದ ‘ಗ’ಕ್ಕೆ ಬಹುವಚನ ಇಲ್ಲ. ಹತ್ತು ಗದ್ಯಾಣವಾದರೂ ‘ಗ’, ನೂರಾದರೂ ‘ಗ’. ಎಷ್ಟು ಅನ್ನೋದನ್ನು ಪಕ್ಕದ ಅಂಕಿಯೇ ಹೇಳುವಾಗ ಬಹುವಚನಕ್ಕೆ ಏನು ಕೆಲಸ? ಇವತ್ತಿಗೂ ನಾವು ಎರಡು ಎಕರೆ, ನಾಲ್ಕು ಕ್ವಿಂಟಾಲು ಅನ್ನುತ್ತೇವೆಯೇ ಹೊರತು ಎಕರೆಗಳು, ಕ್ವಿಂಟಾಲುಗಳು ಅನ್ನೋದಿಲ್ಲ. ಲಿಂಗನಮಕ್ಕಿಯಲ್ಲಿ ತುಂಬುವುದು ಸುಮಾರು 151 ಟಿಎಂಸಿ ನೀರು, ಟಿಎಂಸಿಗಳಲ್ಲ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್, ಮೆಗಾವ್ಯಾಟುಗಳಲ್ಲ.

ಇಂಗ್ಲಿಷಿನ ನೆರಳು ಬಿದ್ದದ್ದು ದುಡ್ಡಿನ ವಿಷಯದಲ್ಲಿ. ಅಲ್ಲಿ ಒಂದು ರೂಪಾಯಿಗೆ ‘ಆರ್ ಇ’, ಎರಡರಿಂದ ಮುಂದಕ್ಕೆ ‘ಆರ್ ಎಸ್’. ಬಹುವಚನ ಹ್ರಸ್ವರೂಪದ ಒಳಗೇ ಕೂತಿದೆ. ನಮ್ಮ ಸರ್ಕಾರಿ ಪತ್ರಗಳಲ್ಲಿ ಅದಕ್ಕೆ ಸಾಟಿಯಾಗಿ ಹುಟ್ಟಿದ್ದು ‘ರೂ.ಗಳು’. ಈ ಪದವನ್ನು ಸ್ವಲ್ಪ ನಿಂತು ನೋಡಿ. ಮೊದಲು ಹ್ರಸ್ವರೂಪ, ಆಮೇಲೆ ಚುಕ್ಕಿ, ಆಮೇಲೆ ಪೂರ್ತಿ ಕನ್ನಡದ ಬಹುವಚನ. ಚುಕ್ಕಿ ತೆಗೆದರೆ ‘ರೂಗಳು’ ಆಗಿ ಓದುವವರು ಎಡವುತ್ತಾರೆ. ಇಂಗ್ಲಿಷಿನಲ್ಲಿ ಕೊಕ್ಕೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಚುಕ್ಕಿಯೇ ಮಾಡುತ್ತಿದೆ. ಎಂ.ಎಲ್.ಎ.ಗಳು, ಡಿ.ಸಿ.ಗಳು ಎಂದು ಹಳೆಯ ಪತ್ರಿಕೆಗಳಲ್ಲಿ ಬರುತ್ತಿದ್ದದ್ದೂ ಹೀಗೇ.

ಆಡುವ ಮಾತಿಗೆ ಚುಕ್ಕಿಯೂ ಬೇಡ, ಕೊಕ್ಕೆಯೂ ಬೇಡ. ಅದು ಪದವನ್ನೇ ಅಗಿದು ಕನ್ನಡ ಮಾಡಿಕೊಳ್ಳುತ್ತದೆ. ಎಸ್ಸೆಸ್ಸೆಲ್ಸಿ ಆದದ್ದು ಹಾಗೆ. ಎಮ್ಮೆಲ್ಲೆ ಆದದ್ದೂ ಹಾಗೇ. ಎಮ್ಮೆ ಸಾಕಿದ ಊರಲ್ಲಿ ಆ ಹೆಸರಿಗೆ ಎಷ್ಟು ನಗೆಚಾಟಿಕೆ ಹುಟ್ಟಿರಬಹುದು ನೀವೇ ಲೆಕ್ಕ ಹಾಕಿ. ಕೊನೆಗೆ ವ್ಯಂಜನ ಬಂದರೆ ಒಂದು ‘ಉ’ ಸೇರಿಸಿದರಾಯ್ತು. ಬಸ್ ಬಸ್ಸಾಗಿ ಬಸ್ಸುಗಳು, ಲಾಂಚ್ ಲಾಂಚಾಗಿ ಲಾಂಚುಗಳು, ಎಸ್ಸೆಮ್ಮೆಸ್ಸು ಎಸ್ಸೆಮ್ಮೆಸ್ಸುಗಳು. ಪಕ್ಕದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಅಕ್ಷರಗಳನ್ನು ಕೂಡಿಸಿಕೊಂಡು ‘ನೀನಾಸಂ’ ಆಯಿತು. ಚುಕ್ಕಿಯ ಹಂಗೇ ಇಲ್ಲದ ಸೊಗಸಾದ ಕನ್ನಡ ಪದ ಅದು. ಅಲ್ಲಿನವರು ನೀನಾಸಂನವರು.

ಈ ‘ನವರು’, ‘ಯವರು’ ಇದೆಯಲ್ಲ, ಇಂಗ್ಲಿಷಿನಲ್ಲಿ ಹುಡುಕಿದರೂ ಸಿಗದ ಬಹುವಚನ. ಕೆಇಬಿಗಳು ಅಂದರೆ ಹಲವು ಮಂಡಳಿಗಳು; ಕೆಇಬಿಯವರು ಅಂದರೆ ಆ ಮಂಡಳಿಯ ಮನುಷ್ಯರು. 1957ರ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ರಾಜ್ಯದ ಹೆಸರು ಬದಲಾದ ಮೇಲೆ ಕೆಇಬಿ ಆಯಿತು, 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ನಮ್ಮ ಭಾಗಕ್ಕೆ ಮೆಸ್ಕಾಂ ಬಂತು. ಆದರೂ ಕಂಬ ಹತ್ತಲು ಬರುವವರು ನಮ್ಮಲ್ಲಿ ಇನ್ನೂ ಕೆಇಬಿಯವರೇ. ಸಂಸ್ಥೆ ಸತ್ತು ಅದರ ಬಹುವಚನ ಬದುಕಿದೆ. ‘ಡಿಸಿಗಳು ಬಂದರು’ ಅನ್ನೋದು ಇನ್ನೊಂದು ಬಗೆ. ಬಂದವರು ಒಬ್ಬರೇ ಇರಬಹುದು, ‘ಗಳು’ ಬರೀ ಮರ್ಯಾದೆಗೆ. ಅರ್ಜಿ ಹಿಡಿದು ನಿಂತವನ ಬಾಯಲ್ಲಿ ಅಧಿಕಾರ ಯಾವತ್ತೂ ಬಹುವಚನವೇ.

ಕಂಪ್ಯೂಟರ್ ಬಂದ ಮೇಲೆ ಬೇಲಿಯ ಸಮಸ್ಯೆ ಹೊಸ ವೇಷದಲ್ಲಿ ಬಂತು. ಪತ್ರಿಕೆಗಳು ಚುಕ್ಕಿ ಬಿಟ್ಟವು. ಆರ್.ಟಿ.ಸಿ. ಎಂಬುದನ್ನು ಚುಕ್ಕಿ ಇಲ್ಲದೆ ಟೈಪು ಮಾಡಿದರೆ ‘ರ್’ ಅರ್ಕಾವತ್ತಾಗಿ ಹಿಂದಕ್ಕೆ ಹೋಗಿ ‘ಆರ್ಟಿಸಿ’ ಆಗುತ್ತದೆ. ‘ಎಸ್’ ಮುಂದೆ ‘ಗಳು’ ಬರೆದರೆ ಗ ಒತ್ತಕ್ಷರವಾಗಿ ಕೆಳಗಿಳಿಯುತ್ತದೆ. ಹಾಗಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇಡಬೇಕು. ಜೀರೋ ವಿಡ್ತ್ ನಾನ್ ಜಾಯ್ನರ್ ಅಂತ ಅದರ ಹೆಸರು. ‘ಬರಹ’ ತಂತ್ರಾಂಶದಲ್ಲಿ ಬರೆದವರಿಗೆ ನೆನಪಿರಬೇಕು, ಅದಕ್ಕೆ ^ ಗುಂಡಿ ಒತ್ತುತ್ತಿದ್ದೆವು. ಇಂಗ್ಲಿಷಿನವರು ಬೇಡ ಅಂತ ಕಿತ್ತೆಸೆದ ಕೊಕ್ಕೆ ನಮ್ಮಲ್ಲಿ ಕಾಣದ ಕೊಕ್ಕೆಯಾಗಿ ಅದೇ ಜಾಗಕ್ಕೆ ಬಂದು ಕೂತಿದೆ. ಒಂದು ಕಡೆ ಈ ಗುರುತು ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ನಮಗೆ ಪದ ಒಂದೇ, ಯಂತ್ರದ ಲೆಕ್ಕಕ್ಕೆ ಎರಡು. ರಾಜ್‌ಕುಮಾರ್ ಎಂಬಂಥ ಹೆಸರಿಗೂ ಇದೇ ಕಥೆ. ಎಲ್ಲ ದಾಖಲೆಯೂ ಕಂಪ್ಯೂಟರಿನೊಳಗೆ ಹೋದ ಕಾಲದಲ್ಲಿ ಇದು ನಗುವ ಮಾತಲ್ಲ.

ಕರ್ನಾಟಕದಲ್ಲಿ ‘ಭೂಮಿ’ ಯೋಜನೆ ಶುರುವಾದಾಗ ಕಂಪ್ಯೂಟರಿಗೆ ಏರಿಸಿದ ಆರ್‌ಟಿಸಿಗಳು ಸುಮಾರು 2 ಕೋಟಿ, ಹಿಡುವಳಿದಾರರು 67 ಲಕ್ಷ. ಆರ್‌ಟಿಸಿ ಅಂದರೆ ಪಹಣಿ, ನಮೂನೆ 16. ಅದರ 9ನೇ ಕಾಲಂನಲ್ಲಿ ಹೆಸರು ಕೂತರೆ ಮಾತ್ರ ಜಮೀನು ನಮ್ಮದು ಅನ್ನೋ ಧೈರ್ಯ. ಮುಳುಗಡೆಯಾಗಿ ಎದ್ದು ಹೋದ ಎಷ್ಟೋ ಕುಟುಂಬಗಳಿಗೆ ಸರ್ಕಾರ ತೋರಿಸಿದ್ದು ಕಾಡಿನ ಜಾಗ. ಆ ಜಾಗ ಕಂದಾಯದ್ದೋ ಅರಣ್ಯದ್ದೋ ಎಂಬ ತಕರಾರು ಆರು ದಶಕ ಕಳೆದರೂ ಹರಿದಿಲ್ಲ. ಅವರ ಪಾಲಿಗೆ ‘ಆರ್‌ಟಿಸಿಗಳು’ ಎಂಬ ಬಹುವಚನ ದೂರದ ಮಾತು, ಒಂದು ಆರ್‌ಟಿಸಿ ಸಿಕ್ಕರೆ ಸಾಕಾಗಿದೆ. ಕಚೇರಿಯಲ್ಲಿ ಕೊಕ್ಕೆ ಹಾಕುವುದು ಅಂದರೆ ಏನು ಅಂತ ಅವರಿಗೆ ಯಾವ ವ್ಯಾಕರಣದವರೂ ಹೇಳಿಕೊಡಬೇಕಾಗಿಲ್ಲ.

ಹ್ರಸ್ವರೂಪಕ್ಕೆ ಹೊರಗಿನಿಂದ ಬಹುವಚನ ಹೇಗೆ ಅಂಟಿಸೋದು ಅಂತ ಇಷ್ಟು ಹೊತ್ತು ನೋಡಿದೆವು. ಒಳಗೆ ಮುಳುಗಿದ್ದನ್ನೂ ನೋಡಬೇಕು. ಟಿಎಂಸಿಯಲ್ಲಿ ಅಡಿ ಎಂಬ ಪದವೇ ಬಿದ್ದುಹೋಗಿದೆ. ಸಾವಿರ ಮಿಲಿಯ ಘನ ಏನು ಅಂತ ಯಾರೂ ಕೇಳುವುದಿಲ್ಲ. ಪಿಡಬ್ಲ್ಯುಡಿಯ ಡಬ್ಲ್ಯುವಿನಲ್ಲಿ ಕಾಮಗಾರಿಗಳು ಎಂಬ ಬಹುವಚನ ಅಡಗಿದೆ. ಆರ್‌ಟಿಸಿಯನ್ನು ಬಿಡಿಸಿ ಬರೆದರೆ ಹಕ್ಕುಗಳು, ಗೇಣಿ ಮತ್ತು ಬೆಳೆಗಳ ದಾಖಲೆ. ಬೆಳೆಗಳಿಗೆ ಕೊನೆಯ ‘ಸಿ’ಯಾದರೂ ಸಿಕ್ಕಿತು. ಹಕ್ಕುಗಳಿಗೆ ತಮ್ಮದೇ ಅಕ್ಷರವೂ ಇಲ್ಲ, ‘ದಾಖಲೆ’ಯ ಆರ್ ಒಳಗೇ ಅವು ಕರಗಿಹೋಗಿವೆ. ಕೊಕ್ಕೆ ಬೇಕೋ ಬೇಡವೋ ಅನ್ನೋದು ಇಂಗ್ಲಿಷಿನವರ ಜಗಳ, ಅವರೇ ತೀರಿಸಿಕೊಳ್ಳಲಿ. ನಮ್ಮ ಕಡೆ ಬಾಕಿ ಉಳಿದಿರುವುದು ಆ ಆರ್ ಒಳಗಿನ ಹಕ್ಕುಗಳು.